ಬ್ಯಾಬೇಜ್‌ಗೆ ಸಿಕ್ಕಿದ ಟರ್ನರ್

ಹೋದ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ನಮಗೊಂದು ಹಿತ್ತಾಳೆ ಬುಶ್ ಬೇಕಾಗಿತ್ತು. ಹೆಬ್ಬೆರಳಿನಷ್ಟೂ ದೊಡ್ಡದಲ್ಲ. ಡ್ರಾಯಿಂಗನ್ನು ಮೊಬೈಲ್‌ನಲ್ಲಿ ಇಟ್ಕೊಂಡು ಮೂರು ಲೇತ್ ಅಂಗಡಿ ಸುತ್ತಿದೆವು. ಒಂದೇ ಪೀಸ್ ಅಂದ ಕೂಡಲೇ ಎರಡು ಕಡೆ ಆಗಲ್ಲ ಅಂದರು. ಮೂರನೇ ಅಂಗಡಿಯ ಅಣ್ಣ ಮಾತ್ರ ಇದು ಯಾವ ಶಾಫ್ಟ್ ಮೇಲೆ ಕೂರುತ್ತೆ ಅಂತ ಕೇಳಿದರು. ಶಾಫ್ಟ್ ಹಾಸ್ಟೆಲ್‌ನಲ್ಲಿತ್ತು. ಸಪ್ಪೆ ಮುಖ ಹಾಕ್ಕೊಂಡು ವಾಪಸ್ ಬಂದೆವು. ಹೆಚ್ಚುಕಮ್ಮಿ ಇನ್ನೂರು ವರ್ಷದ ಹಿಂದೆ ಕಂಪ್ಯೂಟರ್ ಪಿತಾಮಹ ಚಾರ್ಲ್ಸ್ ಬ್ಯಾಬೇಜ್ ಕೂಡ ಹೀಗೇ ಒಬ್ಬ ಕೆಲಸಗಾರರನ್ನು ಹುಡುಕಿದ್ದರು.

ಬ್ಯಾಬೇಜ್ ಹುಟ್ಟಿದ್ದು 1791ರ ಡಿಸೆಂಬರ್ 26ರಂದು, ಲಂಡನ್‌ನಲ್ಲಿ. ಅಪ್ಪ ಬ್ಯಾಂಕರ್, ದುಡ್ಡಿಗೆ ಕೊರತೆ ಇರಲಿಲ್ಲ. ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿದರು. ಆಗ ಹಡಗಿನವರು, ಖಗೋಳ ವಿಜ್ಞಾನಿಗಳು ಎಲ್ಲರೂ ಅಚ್ಚಾದ ಲೆಕ್ಕದ ಕೋಷ್ಟಕಗಳನ್ನೇ ನಂಬಬೇಕಿತ್ತು. 1821ರಲ್ಲಿ ಗೆಳೆಯ ಜಾನ್ ಹರ್ಷಲ್ ಜೊತೆ ಕೂತು ಅಂಥ ಲೆಕ್ಕಗಳನ್ನು ತಾಳೆ ನೋಡುವಾಗ ತಪ್ಪಿನ ಮೇಲೆ ತಪ್ಪು ಸಿಕ್ಕಿ ಬೇಸತ್ತರು. ಲೆಕ್ಕವನ್ನು ಯಂತ್ರವೇ ಮಾಡಲಿ ಅನ್ನೋ ಹಟ ಅಲ್ಲಿಂದ ಶುರು. ಮರುವರ್ಷ ಒಂದು ಚಿಕ್ಕ ಮಾದರಿ ತೋರಿಸಿದರು. 1823ರಲ್ಲಿ ಸರ್ಕಾರ 1,500 ಪೌಂಡ್ ಕೊಟ್ಟಿತು. ಆ ಯಂತ್ರವೇ ಡಿಫರೆನ್ಸ್ ಎಂಜಿನ್.

ಅದಕ್ಕೆ ಸುಮಾರು 25,000 ಭಾಗಗಳು ಬೇಕಿದ್ದವು. ಹಲ್ಲುಚಕ್ರಗಳು ಒಂದರ ಹಾಗೇ ಇನ್ನೊಂದು ಇರಬೇಕು. ಆಗಿನ ಕಾಲದಲ್ಲಿ ಒಂದು ವರ್ಕ್‌ಶಾಪಿನ ಬೋಲ್ಟ್ ಇನ್ನೊಂದರ ನಟ್‌ಗೆ ಹಿಡಿಯೋದೇ ಕಷ್ಟ. ಎಂಜಿನಿಯರ್ ಮಾರ್ಕ್ ಬ್ರೂನೆಲ್ ಅವರು ಜೋಸೆಫ್ ಕ್ಲೆಮೆಂಟ್ ಹೆಸರು ಹೇಳಿದರು. ಕ್ಲೆಮೆಂಟ್ ನೇಕಾರರ ಮಗ. ಡ್ರಾಯಿಂಗ್‌ನಲ್ಲೂ ಲೇತ್‌ನಲ್ಲೂ ಎತ್ತಿದ ಕೈ. ಎಷ್ಟೋ ಭಾಗಗಳಿಗೆ ಮೊದಲು ಉಪಕರಣವನ್ನೇ ಹೊಸದಾಗಿ ಮಾಡ್ಕೋಬೇಕಾಯಿತು. ಅವರ ಹತ್ತಿರ ದುಡಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸ್ಕ್ರೂಗಳಿಗೆಲ್ಲ ಒಂದೇ ಅಳತೆ ಇರಲಿ ಅಂತ ಸೂಚಿಸಿದರು. ವರ್ಕ್‌ಶಾಪ್ ಲ್ಯಾಬ್‌ನಲ್ಲಿ ನಾವು ಕೇಳೋ ವಿಟ್‌ವರ್ತ್ ಥ್ರೆಡ್ ಅದೇ.

1827 ಬ್ಯಾಬೇಜ್‌ಗೆ ಕೆಟ್ಟ ವರ್ಷ. ಅಪ್ಪ, ಹೆಂಡತಿ ಜಾರ್ಜಿಯಾನಾ, ಇಬ್ಬರು ಮಕ್ಕಳು ಅದೇ ವರ್ಷ ತೀರಿಕೊಂಡರು. ಅವರು ಯೂರೋಪ್ ಸುತ್ತೋಕೆ ಹೊರಟುಹೋದರು. ಕೆಲಸ ಮಾತ್ರ ನಿಲ್ಲಲಿಲ್ಲ. 1832ರಲ್ಲಿ ಯಂತ್ರದ ಏಳನೇ ಒಂದು ಭಾಗ ಜೋಡಣೆ ಆಯಿತು. ಅದು ಸರಿಯಾಗಿ ಲೆಕ್ಕ ಮಾಡುತ್ತಿತ್ತು.

ಕೆಟ್ಟಿದ್ದು ಲೋಹ ಅಲ್ಲ, ಸಂಬಂಧ. ವರ್ಕ್‌ಶಾಪ್ ತಮ್ಮ ಮನೆ ಹತ್ತಿರ ಬರಲಿ ಅಂತ ಬ್ಯಾಬೇಜ್. ಬಂದರೆ ನನಗಾಗೋ ನಷ್ಟ ಕೊಡಿ ಅಂತ ಕ್ಲೆಮೆಂಟ್. ದುಡ್ಡಿನ ಜಗಳ ಬೆಳೆದು 1833ರಲ್ಲಿ ಕೆಲಸ ನಿಂತಿತು. ಆಗಿನ ಪದ್ಧತಿಯಂತೆ ಉಪಕರಣಗಳೆಲ್ಲ ಮಾಡಿದವರಿಗೇ ಸೇರಿದವು. ಡ್ರಾಯಿಂಗ್, ಬಿಡಿಭಾಗ ಮಾತ್ರ ಬ್ಯಾಬೇಜ್ ಕಡೆಗೆ ಬಂತು. 17,000 ಪೌಂಡ್‌ಗೂ ಹೆಚ್ಚು ಖರ್ಚಾದ ಮೇಲೆ, 1842ರಲ್ಲಿ ಸರ್ಕಾರ ಪೂರ್ತಿ ಕೈಬಿಟ್ಟಿತು. ತಯಾರಾಗಿದ್ದ ಎಷ್ಟೋ ಭಾಗಗಳು ಗುಜರಿಗೆ ಹೋಗಿ ಕರಗಿದವು.

ಅಷ್ಟರಲ್ಲಿ ಬ್ಯಾಬೇಜ್ ಅನಲಿಟಿಕಲ್ ಎಂಜಿನ್ ಕಡೆ ತಿರುಗಿದ್ದರು. 1847ರಿಂದ 1849ರವರೆಗೆ ಕೂತು ಎರಡನೇ ಡಿಫರೆನ್ಸ್ ಎಂಜಿನ್ ಡ್ರಾಯಿಂಗ್ ಕೂಡ ಮುಗಿಸಿದರು. ಅದನ್ನೂ ಆಗ ಯಾರೂ ಕಟ್ಟಲಿಲ್ಲ. 1871ರ ಅಕ್ಟೋಬರ್ 18ರಂದು ತೀರಿಕೊಂಡಾಗ ಅವರ ಒಂದು ಯಂತ್ರವೂ ಪೂರ್ತಿ ಆಗಿರಲಿಲ್ಲ.

1991ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು ಆ ಡ್ರಾಯಿಂಗ್ ಹಿಡ್ಕೊಂಡು ಲೆಕ್ಕದ ಭಾಗವನ್ನು ಕಟ್ಟಿದರು. ಬೇಕಂತಲೇ ಬ್ಯಾಬೇಜ್ ಕಾಲದಲ್ಲಿ ಸಾಧ್ಯವಿದ್ದಷ್ಟೇ ನಿಖರತೆ ಇಟ್ಟರು. ಯಂತ್ರ ಓಡಿತು. ಅಂದರೆ ಕ್ಲೆಮೆಂಟ್ ಕೈಯಲ್ಲಿ ಅಷ್ಟು ಶಕ್ತಿ ಇತ್ತು.

ಇದನ್ನೆಲ್ಲ ಓದಿದ ಮೇಲೆ ನಾವು ಶಾಫ್ಟ್ ತಗೊಂಡು ಮತ್ತೆ ಆ ಅಣ್ಣನ ಹತ್ತಿರ ಹೋದೆವು. ಕೂಲಿ ಎಷ್ಟು, ಯಾವತ್ತು ಕೊಡ್ತೀರಿ ಅಂತ ಮೊದಲೇ ಮಾತಾಡಿಕೊಂಡೆವು. ಅವರು ಶಾಫ್ಟ್ ಅಳೆದು, ನಮ್ಮ ಡ್ರಾಯಿಂಗ್‌ನಲ್ಲಿ ಒಂದು ಅಳತೆ ತಿದ್ದಿದರು. ಬುಶ್ ಸರಿಯಾಗಿ ಕೂತಿತು.