ಗೊರಕೆ ಹೊಡೆದರೆ ಗಾಢ ನಿದ್ದೆಯೇ? ತೂಕಡಿಸುತ್ತಿದ್ದ ಅಮೆರಿಕ ಅಧ್ಯಕ್ಷರ ಬದುಕು ಹೇಳುವುದು ಬೇರೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಹಗಲಿಡೀ ತೂಕಡಿಸುವವರೆಲ್ಲ ನಿಶ್ಚಿಂತರೂ ಅಲ್ಲ, ಸೋಮಾರಿಗಳೂ ಅಲ್ಲ. ಅಮೆರಿಕದ 27ನೇ ಅಧ್ಯಕ್ಷ ವಿಲಿಯಂ ಹೋವರ್ಡ್ ಟ್ಯಾಫ್ಟ್ ಇದಕ್ಕೆ ದೊಡ್ಡ ಉದಾಹರಣೆ.

ಟ್ಯಾಫ್ಟ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಶ್ವೇತಭವನದ ಬಾತ್‌ಟಬ್‌ನಲ್ಲಿ ಅವರು ಸಿಕ್ಕಿಹಾಕಿಕೊಂಡ ಕಥೆ. ಅವರಿಗಾಗಿ ನಾಲ್ಕು ಜನ ಕೂರಬಹುದಾದಷ್ಟು ದೊಡ್ಡ ಟಬ್ ಮಾಡಿಸಿದ್ದು ನಿಜ, ಅದರ ಫೋಟೊ ಇದೆ. ಆದರೆ ಸಿಕ್ಕಿಬಿದ್ದವರನ್ನು ಹಲವರು ಸೇರಿ ಎಳೆದು ತೆಗೆದರು ಎಂಬುದಕ್ಕೆ ಆ ಕಾಲದ ದಾಖಲೆ ಇಲ್ಲ. ಅವರ ನಿಜವಾದ ತೊಂದರೆ ಇದ್ದದ್ದು ಸ್ನಾನದಲ್ಲಲ್ಲ, ನಿದ್ದೆಯಲ್ಲಿ.

ಅಧ್ಯಕ್ಷರು ನಿದ್ದೆಗೆ ಜಾರುತ್ತಿದ್ದರು

ಟ್ಯಾಫ್ಟ್ 1857ರಲ್ಲಿ ಓಹಿಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಹುಟ್ಟಿದರು. ಯೇಲ್‌ನಲ್ಲಿ ಓದಿ, ವಕೀಲರಾಗಿ, ನ್ಯಾಯಾಧೀಶರಾಗಿ, ಫಿಲಿಪ್ಪೀನ್ಸ್‌ನ ಗವರ್ನರ್ ಆಗಿ, ಯುದ್ಧ ಖಾತೆಯ ಸಚಿವರಾಗಿ ಮೇಲೇರಿದರು. ಸೋಮಾರಿಯಾದವರು ಇಷ್ಟು ದೂರ ಬರುವುದಿಲ್ಲ.

ಮೈಯ ಭಾರ ಮಾತ್ರ ಅವರನ್ನು ಬಿಡಲಿಲ್ಲ. 1905ರಲ್ಲಿ ಲಂಡನ್ನಿನ ವೈದ್ಯ ಯಾರ್ಕ್-ಡೇವಿಸ್ ಅವರಿಂದ ಪತ್ರದ ಮೂಲಕವೇ ಪಥ್ಯ ಪಡೆದು ಸುಮಾರು 25 ಕೆಜಿ ಇಳಿಸಿದರು. ಆದರೆ ಇಳಿದ ತೂಕ ಮತ್ತೆ ಬಂತು. 1909ರಲ್ಲಿ ಅಧ್ಯಕ್ಷರಾದ ಮೇಲೆ ಅದು 150 ಕೆಜಿಯ ಆಸುಪಾಸು ತಲುಪಿತು.

ಮಾತಿನ ನಡುವೆ, ಊಟದ ಮೇಜಿನಲ್ಲಿ, ಇಸ್ಪೀಟ್ ಆಡುವಾಗ ಅವರು ನಿದ್ದೆಗೆ ಜಾರುತ್ತಿದ್ದರು. ಗೊರಕೆಯೂ ಜೋರು, ರಕ್ತದೊತ್ತಡವೂ ಹೆಚ್ಚು. ಸದಾ ಜೊತೆಗಿರುತ್ತಿದ್ದ ಸೇನಾ ಸಹಾಯಕ ಆರ್ಚಿ ಬಟ್ ಈ ತೂಕಡಿಕೆಯನ್ನು ತಮ್ಮ ಪತ್ರಗಳಲ್ಲಿ ದಾಖಲಿಸಿದ್ದಾರೆ. 1912ರಲ್ಲಿ ಟೈಟಾನಿಕ್ ಹಡಗಿನ ಜೊತೆ ಮುಳುಗಿದವರಲ್ಲಿ ಬಟ್ ಕೂಡ ಒಬ್ಬರು.

ಟ್ಯಾಫ್ಟ್‌ಗೆ ಚಿಂತೆ ಇರಲಿಲ್ಲವೇ? ಅಧಿಕಾರಕ್ಕೆ ಬಂದ ಎರಡೇ ತಿಂಗಳಲ್ಲಿ ಪತ್ನಿ ನೆಲ್ಲಿಗೆ ಪಾರ್ಶ್ವವಾಯು ಬಡಿಯಿತು. ಆಕೆ ಮತ್ತೆ ಮಾತು ಕಲಿಯಲು ಟ್ಯಾಫ್ಟ್ ನೆರವಾದರು. ರಾಜಕೀಯ ಗುರು ಥಿಯೊಡೋರ್ ರೂಸ್‌ವೆಲ್ಟ್ ಎದುರಾಳಿಯಾದರು. 1912ರ ಚುನಾವಣೆಯಲ್ಲಿ ಟ್ಯಾಫ್ಟ್ ಮೂರನೇ ಸ್ಥಾನಕ್ಕೆ ಕುಸಿದರು.

ದೇಹದೊಳಗೆ ಆಗುತ್ತಿದ್ದದ್ದೇನು?

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಉಸಿರಿನ ದಾರಿ ಪೂರ್ತಿ ಮುಚ್ಚಿಕೊಂಡು ಹಲವು ಸೆಕೆಂಡು ಉಸಿರೇ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಿಂದ ಎಚ್ಚೆತ್ತು ಉಸಿರೆಳೆಸುತ್ತದೆ. ಒಂದೇ ರಾತ್ರಿ ಇದು ನೂರಾರು ಬಾರಿ ಆಗಬಹುದು, ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. ಎಂಟು ಗಂಟೆ ಮಲಗಿದ್ದರೂ ನಿದ್ದೆ ಚೂರುಚೂರು. ಹಾಗಾಗಿ ಹಗಲು ಗಮನ ನಿಲ್ಲದು, ಮರೆವು ಹೆಚ್ಚು, ಯೋಚನೆ ನಿಧಾನ, ಸಿಟ್ಟು ಬೇಗ. ಇದೇ ಸ್ಲೀಪ್ ಆಪ್ನಿಯಾ.

ಟ್ಯಾಫ್ಟ್ ಕಾಲದಲ್ಲಿ ಈ ಕಾಯಿಲೆಗೆ ಹೆಸರೇ ಇರಲಿಲ್ಲ. ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ಯುರೋಪಿನ ವೈದ್ಯರು ಯಂತ್ರಗಳಿಂದ ದಾಖಲಿಸಿದ್ದು 1965ರಲ್ಲಿ. ಟ್ಯಾಫ್ಟ್ ಲಕ್ಷಣಗಳನ್ನು ಹಳೆಯ ಪತ್ರಗಳಿಂದ ಒಟ್ಟುಗೂಡಿಸಿ, ಇದು ಸ್ಲೀಪ್ ಆಪ್ನಿಯಾ ಇರಬೇಕು ಎಂದು ಅಮೆರಿಕದ ವೈದ್ಯ ಜಾನ್ ಸೋಟೋಸ್ 2003ರಲ್ಲಿ ವಾದಿಸಿದರು. ಸತ್ತವರಿಗೆ ಪರೀಕ್ಷೆ ಮಾಡಲಾಗದು, ಹಾಗಾಗಿ ಇದು ಊಹೆಯೇ. ಆದರೆ ಮುಂದೆ ನಡೆದದ್ದು ಆ ಊಹೆಗೆ ಬಲ ಕೊಡುತ್ತದೆ.

ತೂಕ ಇಳಿಯಿತು, ತೂಕಡಿಕೆ ಹೋಯಿತು

1913ರಲ್ಲಿ ಅಧಿಕಾರ ಬಿಟ್ಟ ಟ್ಯಾಫ್ಟ್ ಯೇಲ್‌ನಲ್ಲಿ ಕಾನೂನು ಕಲಿಸಲು ಹೋದರು. ಒಂದು ವರ್ಷದೊಳಗೆ 27 ಕೆಜಿಗೂ ಹೆಚ್ಚು ಇಳಿಸಿದರು, ಈ ಬಾರಿ ಅದು ಮರಳಿ ಬರಲಿಲ್ಲ. ರಕ್ತದೊತ್ತಡ ತಗ್ಗಿತು. ಹಗಲಿನ ನಿದ್ದೆಯೂ ನಿಂತಿತು.

1921ರಲ್ಲಿ ಅವರು ಅಮೆರಿಕದ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾದರು. ಈ ಎರಡೂ ಹುದ್ದೆ ಕಂಡವರು ಅವರೊಬ್ಬರೇ. ಸುಮಾರು 250 ತೀರ್ಪು ಬರೆದರು. ಕೋರ್ಟಿಗೆ ಸ್ವಂತ ಕಟ್ಟಡ ಬೇಕೆಂದು ಹಟ ಹಿಡಿದು ಒಪ್ಪಿಗೆ ಪಡೆದರು. ಕೊನೆಗೆ ಹೃದಯ ಸೋತಿತು. 1930ರ ಫೆಬ್ರವರಿಯಲ್ಲಿ ಹುದ್ದೆ ಬಿಟ್ಟು, ಮಾರ್ಚ್ 8ರಂದು 72ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮಗೇನು ಪಾಠ?

ನಂಬಿಕೆ: ಜೋರು ಗೊರಕೆ ಎಂದರೆ ಒಳ್ಳೆಯ ನಿದ್ದೆ.
ವಾಸ್ತವ: ಗೊರಕೆ ಎಂದರೆ ಉಸಿರಿನ ದಾರಿ ಕಿರಿದಾಗಿದೆ ಎಂದರ್ಥ. ಗೊರಕೆಯೆಲ್ಲ ಕಾಯಿಲೆಯಲ್ಲ, ಆದರೆ ಗಾಢ ನಿದ್ದೆಗೆ ಅದು ಸಾಕ್ಷಿಯೂ ಅಲ್ಲ.

ದಪ್ಪಗಿರುವವರಿಗೆ ಮಾತ್ರ ಬರುವ ಕಾಯಿಲೆಯೂ ಇದಲ್ಲ. ದವಡೆ ಚಿಕ್ಕದಿರುವ ತೆಳ್ಳಗಿನವರಿಗೂ, ಟಾನ್ಸಿಲ್ ಊದಿರುವ ಮಕ್ಕಳಿಗೂ ಬರಬಹುದು. ತೂಕ ಇಳಿಸಿದರೆ ಎಲ್ಲರಿಗೂ ಪೂರ್ತಿ ವಾಸಿಯಾಗುತ್ತದೆ ಎಂದೂ ಇಲ್ಲ. ಮೂಗಿನ ಮೂಲಕ ಒತ್ತಡದಿಂದ ಗಾಳಿ ಕೊಟ್ಟು ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ 1981ರಿಂದಲೇ ಇದೆ.

ಗೊರಕೆ ನಡುವೆ ಉಸಿರು ನಿಂತು, ಆಮೇಲೆ ಏದುಸಿರಿನೊಂದಿಗೆ ಶುರುವಾಗುವುದು ಮಲಗಿದವರಿಗೆ ಗೊತ್ತಾಗದು, ಪಕ್ಕದವರಿಗೆ ಗೊತ್ತಾಗುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗುತ್ತಿದ್ದರೆ, ಅದರಲ್ಲೂ ಅವರು ಗಾಡಿ ಓಡಿಸುವವರಾದರೆ, ನಕ್ಕು ಸುಮ್ಮನಾಗಬೇಡಿ. ಇಎನ್‌ಟಿ ಅಥವಾ ಶ್ವಾಸಕೋಶ ತಜ್ಞರ ಬಳಿ ಕರೆದೊಯ್ದು ನಿದ್ದೆಯ ಪರೀಕ್ಷೆ ಬೇಕೇ ಎಂದು ಕೇಳಿ.