ಜಟ್ಟಿ ತಾಯಮ್ಮನವರು

ನಮ್ಮ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವು ಚಾಲುಕ್ಯರ ಕಾಲದ್ದು. ಆ ಕಾಲದ ಶಾಸನಗಳಲ್ಲಿ ದೇವರ ಅಂಗಭೋಗ, ರಂಗಭೋಗಗಳಿಗೆ ಬಿಟ್ಟ ದತ್ತಿಗಳ ವಿಷಯ ಮೇಲಿಂದ ಮೇಲೆ ಬರುತ್ತದೆ. ರಂಗಭೋಗವೆಂದರೆ ಗೀತ, ವಾದ್ಯ, ನೃತ್ಯಗಳ ಸೇವೆ. ಹೂವು, ದೀಪ, ನೈವೇದ್ಯಗಳಂತೆ ನೃತ್ಯವೂ ಪೂಜೆಯ ಒಂದು ಅಂಗವಾಗಿತ್ತು. ಆದರೆ ಕಾಲಕ್ರಮದಲ್ಲಿ ಆ ಸೇವೆಯೇ ಅನೇಕ ಹೆಣ್ಣುಮಕ್ಕಳ ಪಾಲಿಗೆ ಸಂಕೋಲೆಯಾಯಿತು. ಸಂಕೋಲೆಯನ್ನು ಕಡಿಯುವಾಗ ಕಲೆಯೂ ಕಡಿದುಹೋಗಬೇಕೆ? ಈ ಪ್ರಶ್ನೆಗೆ ಜಟ್ಟಿ ತಾಯಮ್ಮನವರ ಬಾಳೇ ಉತ್ತರವಾಗಿದೆ.

ತಾಯಮ್ಮನವರು 1857ರಲ್ಲಿ ಮೈಸೂರಿನ ಜಟ್ಟಿಗಳ ಮನೆತನದಲ್ಲಿ ಜನಿಸಿದರು. ಗರಡಿಯ ಮನೆಯ ಮಗಳು ಗೆಜ್ಜೆ ಕಟ್ಟಿ ಅರಮನೆಯ ನರ್ತಕಿಯಾದರು. ಅಭಿನಯವೇ ಅವರ ವೈಶಿಷ್ಟ್ಯ. ಕುಳಿತಲ್ಲಿಯೇ, ಕಣ್ಣು, ಹುಬ್ಬು, ಕೈಗಳಿಂದಲೇ ಹಾಡಿನ ಒಂದು ಸಾಲಿಗೆ ಹಲವು ಭಾವಗಳನ್ನು ಸ್ಥಳದಲ್ಲಿಯೇ ಕಲ್ಪಿಸಿ ತೋರುವುದು ಮೈಸೂರಿನ ಪದ್ಧತಿ. ಪದ, ಜಾವಳಿಗಳಲ್ಲದೆ ಗೀತಗೋವಿಂದ, ಕೃಷ್ಣಕರ್ಣಾಮೃತ, ಅಮರುಶತಕಗಳ ಶ್ಲೋಕಗಳಿಗೂ ಅವರು ಅಭಿನಯಿಸುತ್ತಿದ್ದರು.

1909ರಲ್ಲಿ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡದ ಕಡೆಗೆ 1934ರಲ್ಲಿ ಇಂಥದೇ ಕಾಯದೆ ಬಂದಿತು. ಕಾಯದೆ ನ್ಯಾಯವಾದುದೇ ಆಗಿತ್ತು. ಆದರೆ ಕುಣಿತವೆಂದರೆ ಹೀನವೆಂಬ ಭಾವನೆಯೂ ಅದರ ಬೆನ್ನಿಗೇ ಬೆಳೆಯಿತು. ಬಾಲಿ ದ್ವೀಪದಲ್ಲಿ 1971ರಲ್ಲಿ ಪಂಡಿತರು ಕೂಡಿ, ಪೂಜೆಯ ನೃತ್ಯ ಯಾವುದು, ನೋಟಕರ ನೃತ್ಯ ಯಾವುದು ಎಂದು ವಿಂಗಡಿಸಿದರು. ನಮ್ಮಲ್ಲಿ ಅಂಥ ವಿವೇಚನೆಯ ಭಾರವನ್ನು ಕೆಲವೇ ಜನ ಹೆಣ್ಣುಮಕ್ಕಳು ಹೊತ್ತರು.

ತಾಯಮ್ಮನವರು ಶಿಷ್ಯರನ್ನು ಆರಿಸುವಾಗ ಕುಲವನ್ನು ಎಣಿಸಲಿಲ್ಲ. ಕಡೂರು ಕಡೆಯ ತಾಂಡಾ ಒಂದರಲ್ಲಿ 1906ರಲ್ಲಿ ಹುಟ್ಟಿದ ಲಂಬಾಣಿ ಬಾಲಕಿ ವೆಂಕಟಲಕ್ಷಮ್ಮ ಎಂಟನೆಯ ವಯಸ್ಸಿಗೆ ಅವರ ಬಳಿಗೆ ಬಂದಳು. ಗುರುಶಿಷ್ಯೆಯರು ಮುಂದೆ ಬಹುಕಾಲ ಜೊತೆಯಲ್ಲಿಯೇ ನರ್ತಿಸಿದರು. 1947ರಲ್ಲಿ ತಾಯಮ್ಮನವರು ತೀರಿಕೊಂಡರು. ವಿದ್ಯೆ ತೀರಲಿಲ್ಲ. 1965ರಿಂದ ವೆಂಕಟಲಕ್ಷಮ್ಮನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅದನ್ನೇ ಕಲಿಸಿದರು, 1992ರಲ್ಲಿ ಪದ್ಮಭೂಷಣರಾದರು. ತಾಂಡಾದ ಮಗಳು ವಿಶ್ವವಿದ್ಯಾನಿಲಯದ ಗುರುವಾದುದು ನಮ್ಮಂಥ ಹಳ್ಳಿಯ ವಿದ್ಯಾರ್ಥಿಗಳಿಗೆ ಸಣ್ಣ ಮಾತಲ್ಲ.

ನೆರೆಯ ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಕಣ್ಣೀರನ್ನು ನಾವು ಬಲ್ಲೆವು. 1982ರ ಕಾಯದೆಯು ಆ ಪದ್ಧತಿಯನ್ನು ನಿಷೇಧಿಸಿತು. ಅದು ಮರಳಿ ಬಾರದಿರಲಿ. ಆದರೆ ಭಕ್ತಿಯನ್ನು ಮೈಯಲ್ಲಿ ಮೂಡಿಸುವ ವಿದ್ಯೆ ಉಳಿಯಲಿ. ಕಲಿಯುವವಳು ತಾನೇ ಒಲಿದು ಬರಬೇಕು; ಕಲಿಸಿದವಳಿಗೆ ಗೌರವ ಸಲ್ಲಬೇಕು. ಇವೆರಡೂ ಕೂಡಿದಲ್ಲಿ ನೃತ್ಯವು ಇಂದಿಗೂ ಪೂಜೆಯೇ ಸರಿ.