ರಾಬರ್ಟ್ ಫ್ಲಾಹರ್ಟಿ

ರಾಬರ್ಟ್ ಜೋಸೆಫ್ ಫ್ಲಾಹರ್ಟಿ (ಫೆಬ್ರವರಿ 16, 1884 – ಜುಲೈ 23, 1951) ಅಮೆರಿಕದ ಚಲನಚಿತ್ರ ನಿರ್ದೇಶಕರು. ಅವರನ್ನು ಸಾಕ್ಷ್ಯಚಿತ್ರದ ಪಿತಾಮಹರೆಂದು ಕರೆಯುವುದು ವಾಡಿಕೆ. ಆದರೆ ಅವರ ಚಿತ್ರಗಳು ಎಷ್ಟರಮಟ್ಟಿಗೆ ಸಾಕ್ಷ್ಯವೆಂಬ ಚರ್ಚೆ ಇನ್ನೂ ನಿಂತಿಲ್ಲ.

ಮಿಷಿಗನ್ ರಾಜ್ಯದ ಐರನ್ ಮೌಂಟನ್ ಎಂಬ ಗಣಿಪಟ್ಟಣದಲ್ಲಿ ಜನಿಸಿದ ಫ್ಲಾಹರ್ಟಿ, 1910ರಿಂದ ಕೆನಡಾದ ಹಡ್ಸನ್ ಕೊಲ್ಲಿಯ ಪ್ರದೇಶದಲ್ಲಿ ಕಬ್ಬಿಣದ ಅದಿರನ್ನು ಅರಸುತ್ತಿದ್ದರು. 1913ರ ಯಾತ್ರೆಗೆ ಚಲನಚಿತ್ರ ಕ್ಯಾಮೆರಾವನ್ನೂ ಒಯ್ದು ಇನ್ಯೂಟ್ ಜನರ ಬದುಕನ್ನು ಚಿತ್ರಿಸತೊಡಗಿದರು. 1916ರಲ್ಲಿ ಟೊರಾಂಟೊದಲ್ಲಿ ಸಿಗರೇಟಿನ ಕಿಡಿ ತಗುಲಿ ಸುಮಾರು 30,000 ಅಡಿ ನೆಗೆಟಿವ್ ಸುಟ್ಟುಹೋಯಿತು. ಉಳಿದ ಒಂದು ಪ್ರತಿ ಅವರಿಗೇ ರುಚಿಸಲಿಲ್ಲ. ಅದರಲ್ಲಿ ದೃಶ್ಯಗಳಿದ್ದವೇ ಹೊರತು ಕಥೆಯಿರಲಿಲ್ಲ.

ತುಪ್ಪಳ ವ್ಯಾಪಾರದ ರೆವಿಯೋ ಫ್ರೆರ್ ಸಂಸ್ಥೆಯ ಹಣದಿಂದ ಅವರು 1920ರಲ್ಲಿ ಮತ್ತೆ ಉತ್ತರ ಕ್ವಿಬೆಕ್‌ಗೆ ತೆರಳಿದರು. ಈ ಬಾರಿ ಒಂದೇ ಕುಟುಂಬವನ್ನು ಕೇಂದ್ರವಾಗಿಟ್ಟು 'ನಾನೂಕ್ ಆಫ್ ದಿ ನಾರ್ತ್' (1922) ತಯಾರಿಸಿದರು. ಚಿತ್ರೀಕರಿಸಿದ ಭಾಗಗಳನ್ನು ಅಲ್ಲಿಯೇ ಸಂಸ್ಕರಿಸಿ ಸ್ಥಳೀಯರಿಗೆ ತೋರಿಸುತ್ತಿದ್ದರು. ನಾನೂಕ್‌ನ ನಿಜನಾಮ ಅಲ್ಲಾಕರಿಯಲ್ಲಾಕ್. ತೆರೆಯ ಮೇಲಿನ ಪತ್ನಿ ಅವನ ಪತ್ನಿಯಲ್ಲ. ಆ ವೇಳೆಗಾಗಲೇ ಬಂದೂಕು ಬಳಕೆಗೆ ಬಂದಿದ್ದರೂ ಬೇಟೆಯನ್ನು ಈಟಿಯಿಂದಲೇ ನಡೆಸಲಾಯಿತು. ಹಿಮದ ಮನೆಯೊಳಗೆ ಬೆಳಕು ಸಾಲದ ಕಾರಣ, ಅರ್ಧ ತೆರೆದ ಮನೆಯೊಂದನ್ನು ಕಟ್ಟಿ, ಆ ಚಳಿಯಲ್ಲಿಯೇ ಕುಟುಂಬವನ್ನು ಮಲಗಿಸಲಾಯಿತು. ಚಿತ್ರ ಅಪಾರ ಯಶಸ್ಸು ಗಳಿಸಿತು. ಸುಮಾರು ಎರಡು ವರ್ಷಗಳಲ್ಲಿ ಅಲ್ಲಾಕರಿಯಲ್ಲಾಕ್ ತೀರಿಕೊಂಡನು. ಅವನು ಬೇಟೆ ಸಿಗದೆ ಹಸಿವಿನಿಂದ ಸತ್ತನೆಂಬ ಸುದ್ದಿ ಹಬ್ಬಿತು. ಕಾಯಿಲೆಯೇ ಕಾರಣವಾಗಿರಬೇಕೆಂಬುದು ನಂತರದ ಬರಹಗಾರರ ಅಭಿಪ್ರಾಯ.

ಸಮೋವಾದಲ್ಲಿ ತೆಗೆದ 'ಮೊಆನಾ' (1926) ಚಿತ್ರದ ವಿಮರ್ಶೆಯಲ್ಲಿ ಜಾನ್ ಗ್ರಿಯರ್ಸನ್ ಡಾಕ್ಯುಮೆಂಟರಿ ಎಂಬ ಪದವನ್ನು ಬಳಸಿದರು. ಅದು ಚಲನಚಿತ್ರದ ಪರಿಭಾಷೆಯಲ್ಲಿ ನೆಲೆಗೊಂಡಿತು. ಐರ್ಲೆಂಡಿನ 'ಮ್ಯಾನ್ ಆಫ್ ಆರನ್' (1934) ಚಿತ್ರಕ್ಕಾಗಿ ದ್ವೀಪವಾಸಿಗಳು ತಾವು ಎಂದೋ ಕೈಬಿಟ್ಟಿದ್ದ ಶಾರ್ಕ್ ಬೇಟೆಯನ್ನು ಹೊಸದಾಗಿ ಕಲಿಯಬೇಕಾಯಿತು.

ಕಿಪ್ಲಿಂಗ್ ಕಥೆಯನ್ನಾಧರಿಸಿದ 'ಎಲಿಫೆಂಟ್ ಬಾಯ್' (1937) ಚಿತ್ರಕ್ಕಾಗಿ ಫ್ಲಾಹರ್ಟಿ ಮೈಸೂರು ಸಂಸ್ಥಾನಕ್ಕೆ ಬಂದರು. ಮಾವುತನ ಮಗನಾದ ಸಾಬು ಬೆಳಕಿಗೆ ಬಂದದ್ದು ಈ ಚಿತ್ರದಿಂದಲೇ. ಆದರೆ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ತಮ್ಮ ಸೋದರ ಜೋಲ್ಟಾನ್‌ರಿಂದ ಹೆಚ್ಚಿನ ದೃಶ್ಯಗಳನ್ನು ತೆಗೆಸಿ ಸೇರಿಸಿದರು. ವೆನಿಸ್ ಉತ್ಸವದ ನಿರ್ದೇಶನ ಪ್ರಶಸ್ತಿ ಇಬ್ಬರ ಹೆಸರಿಗೂ ಸಂದಿತು.

ತೈಲ ಸಂಸ್ಥೆಯೊಂದರ ಹಣದಿಂದ ತಯಾರಾದ 'ಲೂಸಿಯಾನಾ ಸ್ಟೋರಿ' (1948) ಅವರ ಕೊನೆಯ ಪ್ರಮುಖ ಚಿತ್ರ. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಆಯ್ಕೆಯಾದ ಮೊದಲ 25 ಚಿತ್ರಗಳಲ್ಲಿ 'ನಾನೂಕ್' ಒಂದು.